ಬಾಂಬರ್ ಮಾಸ್ತರರ ಹಸಿರು

ಬಾಂಬರ್ ಮಾಸ್ತರು ಹಸಿರು ಬಣ್ಣ ಆರಿಸಲು ಕೂತು ಇದು ಮೂರನೇ ಮಳೆಗಾಲ. ಹಾಗೆಂದು ದಾಸನಕೊಪ್ಪದಲ್ಲಿ ಹಸಿರಿಗೆ ಬರ ಬಂದಿದೆ ಎಂದು ಯಾರೂ ತಿಳಿಯಬಾರದು. ಸಿರಸಿ ಕಡೆ ಮುಖ ಮಾಡಿದರೆ ಅಡಿಕೆ ತೋಟದ ಹಸಿರು, ಹಾವೇರಿ ಕಡೆ ತಿರುಗಿದರೆ ಗೋವಿನಜೋಳದ ಹಸಿರು, ನಡುವೆ ಭತ್ತ, ಶುಂಠಿ, ಅನಾನಸು. ಇವ್ಯಾವುವೂ ಮಾಸ್ತರರಿಗೆ ಆಗಿಬರುವುದಿಲ್ಲ. ಅವರಿಗೆ ಬೇಕಾದದ್ದು ಎರಡನೇ ಮಹಾಯುದ್ಧದಲ್ಲಿ ಅಮೆರಿಕನ್ ಬಾಂಬರುಗಳ ಬೆನ್ನಿಗೆ ಬಳಿಯುತ್ತಿದ್ದ ಆಲಿವ್ ಡ್ರ್ಯಾಬ್. ಅದು ಹಸಿರೂ ಹೌದು, ಕಂದೂ ಹೌದು, ಬಿಸಿಲಿಗೆ ಮಾಸಿದ ಮೇಲೆ ಎರಡೂ ಅಲ್ಲ. ಪೇಂಟ್ ಅಂಗಡಿಯ ಶೇಡ್ ಕಾರ್ಡಿನಲ್ಲಿ ಅದಕ್ಕೆ ಜಾಗವಿಲ್ಲ. ‘ಎರಡು ದಿನ ಒಣಗಿದ ಸೆಗಣಿ ಹಾಂಗೆ ಇರ್ತದೆ, ಅಷ್ಟೇ ಅಲ್ವಾ?’ ಎಂದು ಮನೆಯಾಕೆ ಹೇಳಿದ್ದಕ್ಕೆ ಮಾಸ್ತರರು ಒಂದು ಹೊತ್ತಿನ ಚಾ ಬಿಟ್ಟರು. ಮರುದಿನ ಬೆಳಿಗ್ಗೆ ಅವರು ಬ್ರಷ್ಷು, ತಟ್ಟೆ ಹಿಡಿದು ಕೊಟ್ಟಿಗೆಯ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದನ್ನು ಕಂಡವರಿದ್ದಾರೆ.

ಇಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಚಿತ್ರಕಲಾ ಶಿಕ್ಷಕರಾಗಿದ್ದಷ್ಟು ಕಾಲ ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನಮರ ಬರೆದ ಮಕ್ಕಳಿಗೆಲ್ಲ ಕಣ್ಣುಮುಚ್ಚಿ ಅಂಕ ಹಾಕಿದವರು. ನಿಖರತೆ ಎಂಬುದು ಅವರ ಮೈಮೇಲೆ ಬಂದದ್ದು ಪಿಂಚಣಿಯ ಜೊತೆಗೆ. ಈ ವಯಸ್ಸಿನಲ್ಲಿ ಕೆಲವರಿಗೆ ಹಳೇ ನಾಣ್ಯ ಹಿಡಿಯುತ್ತದೆ, ಕೆಲವರಿಗೆ ತಾಳಮದ್ದಲೆ, ಕೆಲವರಿಗೆ ಮಗನ ಜಾತಕ. ಇವರಿಗೆ ಹಿಡಿದದ್ದು ವಿಮಾನ. ಪರದೇಶದಲ್ಲಿರುವ ಮಗ ರಜೆಗೆ ಬರುವಾಗ ಲಿಬರೇಟರ್ ಬಾಂಬರಿನ ಕಿಟ್ ತಂದುಕೊಟ್ಟ. ನಿಜವಾದದ್ದರ 72ನೇ ಒಂದು ಪಾಲು. ಮೂವತ್ತಮೂರೂವರೆ ಮೀಟರ್ ರೆಕ್ಕೆ ಒಂದೂವರೆ ಅಡಿಗೆ ಇಳಿದು ಡಬ್ಬಿಯೊಳಗೆ ಮಲಗಿತ್ತು. ಬಣ್ಣ ಮಾತ್ರ ತರಲಿಲ್ಲ. ಎನಾಮೆಲ್ ಡಬ್ಬಿಗೆ ಬೆಂಕಿ ಹತ್ತುವ ಭಯವಿರುವುದರಿಂದ ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ. ವಿಮಾನದ ಬಣ್ಣಕ್ಕೇ ವಿಮಾನದಲ್ಲಿ ಸೀಟಿಲ್ಲ ಎಂಬ ಈ ಅನ್ಯಾಯವನ್ನು ಮಾಸ್ತರರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾರೆ. ಕೇಳಿದವರು ಎಲ್ಲ ಮುಗಿದ ಮೇಲೆ ಕೇಳುವುದು ಒಂದೇ ಪ್ರಶ್ನೆ: ‘ಹಾರತೈತೇನ್ರಿ ಅದು?’

ಹಾರುವುದಿಲ್ಲ ನಿಜ. ಆದರೆ ಲಿಬರೇಟರನ್ನೇ ಹಿಡಿದುಕೊಂಡದ್ದಕ್ಕೆ ಅವರಲ್ಲಿ ಕಾರಣವಿದೆ, ಅದನ್ನು ನಾನೂ ಒಪ್ಪುತ್ತೇನೆ. ಯುದ್ಧ ಮುಗಿದಾಗ ಬ್ರಿಟಿಷರ ಬಳಿಯಿದ್ದ ಲಿಬರೇಟರುಗಳು ಅಮೆರಿಕದಿಂದ ಕಡ ತಂದವು. ಒಂದೋ ತಿರುಗಿ ಕೊಡಬೇಕು, ಇಲ್ಲವೇ ಹಾಳುಮಾಡಬೇಕು. ಕಾನ್ಪುರದ ನೆಲೆಯಲ್ಲಿ ಅವನ್ನು ಸಾಲಾಗಿ ನಿಲ್ಲಿಸಿ, ಮತ್ತೆಂದೂ ಏಳದಂತೆ ಹೊಡೆದು ಕೆಡವಿ ಹೋದರು. ಏಳದವನ್ನು ಏಳಿಸಿದ್ದು ಬೆಂಗಳೂರು. ವಾಲಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಪಾಲುದಾರಿಕೆಯಲ್ಲಿ 1940ರಲ್ಲಿ ಶುರುಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು 1948ರಲ್ಲಿ ಕಾನ್ಪುರಕ್ಕೆ ಹೋಗಿ, ಹಾರುವಷ್ಟು ಮಟ್ಟಿಗೆ ತೇಪೆ ಹಾಕಿದರು. ಜಿಮ್ಮಿ ಮುನ್ಶಿ ಎಂಬ ಪೈಲಟ್ ಆ ಮುರುಕಲು ಬಾಂಬರುಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಹೀಗೆ ಮರುಹುಟ್ಟು ಪಡೆದವು 40ಕ್ಕೂ ಹೆಚ್ಚು. ವಾಯುಪಡೆ ಅವನ್ನು 1968ರ ತನಕ ದುಡಿಸಿತು. ಅದರಲ್ಲೊಂದು 1974ರಲ್ಲಿ ಇಂಗ್ಲೆಂಡಿನ ವಾಯುಪಡೆಯ ಮ್ಯೂಸಿಯಮ್ಮಿಗೆ ಹೋಯಿತು. ಕೆಡವಿ ಹೋದವರೇ ಪಡೆದುಕೊಂಡು ಕೂರಿಸಿದರು ಎನ್ನುವಾಗ ಮಾಸ್ತರರ ಕನ್ನಡಕ ಮೂಗಿನಿಂದ ಅರ್ಧ ಇಂಚು ಕೆಳಗಿಳಿದಿರುತ್ತದೆ.

ಕಥೆ ಹೇಳುವುದು ಸುಲಭ, ಬಣ್ಣ ಹಚ್ಚುವುದಲ್ಲ. ಮಾಸ್ತರರ ಹತ್ತಿರ ಇರುವುದು ಕಾನ್ಪುರದ ಒಂದು ಕಪ್ಪುಬಿಳುಪು ಫೋಟೋ. ಅದರಲ್ಲಿ ವಿಮಾನ ಬೂದು, ಆಕಾಶ ಬೂದು, ಪಕ್ಕದಲ್ಲಿ ನಿಂತ ಮನುಷ್ಯನೂ ಬೂದು. ಈ ಬೂದಿನಿಂದ ಹಸಿರು ಹಿಂಡಬೇಕು. ಅದಕ್ಕೂ ಮೇಲೆ ಒಂದು ಶಾಸ್ತ್ರವಿದೆ: ಒಂದಡಿ ದೂರದಿಂದ ಈ ಮಾಡೆಲ್ ನೋಡಿದರೆ ನಿಜವಾದ ವಿಮಾನವನ್ನು 72 ಅಡಿ ದೂರದಿಂದ ನೋಡಿದಂತೆ. ಅಷ್ಟು ದೂರಕ್ಕೆ ಬಣ್ಣ ಗಾಳಿಯಲ್ಲಿ ತೆಳುವಾಗುತ್ತದೆ, ಆದ್ದರಿಂದ ಸರಿಯಾದ ಹಸಿರಿಗೂ ಒಂದಿಷ್ಟು ಬಿಳಿ ಬೆರೆಸಬೇಕು. ಎಷ್ಟು ಬೆರೆಸಬೇಕೆಂಬುದರ ಮೇಲೆ ಜಗತ್ತಿನ ಮಾಡೆಲ್‌ಕಾರರೆಲ್ಲ ಜಗಳವಾಡಿದ್ದಾರೆ. ದಾಸನಕೊಪ್ಪದಲ್ಲಿ ಜಗಳಕ್ಕೆ ಇನ್ನೊಬ್ಬರಿಲ್ಲದ ಕಾರಣ ಮಾಸ್ತರರು ತಮ್ಮ ಜೊತೆಗೇ ಆಡಿಕೊಳ್ಳುತ್ತಾರೆ. ಬೆಳಿಗ್ಗೆ ಬಿಳಿ ಹಾಕುತ್ತಾರೆ, ಸಂಜೆ ಟ್ಯೂಬ್‌ಲೈಟಿನಲ್ಲಿ ನೋಡಿ ತಲೆ ಚಚ್ಚಿಕೊಂಡು ಥಿನ್ನರಿನಿಂದ ಒರೆಸುತ್ತಾರೆ.

ಮೂರು ಮಳೆಗಾಲ ಹೋದದ್ದರಲ್ಲಿ ಮಳೆಯ ತಪ್ಪೂ ಇದೆಯೆನ್ನಿ. ಹಂಚಿನ ಮನೆಯೊಳಗೆ ಗೋಡೆಯೇ ಬೆವರುವ ಆಷಾಢದಲ್ಲಿ ಮ್ಯಾಟ್ ವಾರ್ನಿಷ್ ಹೊಡೆದರೆ ತೇವ ಹೀರಿಕೊಂಡು ಮೇಲೆ ಬಿಳಿ ಮಂಜು ಕೂರುತ್ತದೆ. ಚಳಿಗಾಲಕ್ಕೆ ಕಾಯೋಣವೆಂದರೆ ಆಗ ಅಡಿಕೆ ಕೊಯ್ಲು; ಬಣ್ಣದ ಮೇಜಿನ ಮೇಲೆ ಅಡಿಕೆ ಚೀಲ ಬಂದು ಕೂರುತ್ತದೆ. ಬೇಸಿಗೆಯಲ್ಲಿ ನೆಂಟರ ಮಕ್ಕಳು ಬರುತ್ತವೆ. ಯುದ್ಧಕ್ಕಿಂತ ದೊಡ್ಡ ಅಪಾಯ ಅದು.

ಮೇಲಿನ ಹಸಿರಿಗೂ ಹೊಟ್ಟೆಯ ಬೂದಿಗೂ ನಡುವೆ ಹಾವಿನ ನಡೆಯ ಅಂಚು ಬರಬೇಕು, ಅದೂ ಮೆತ್ತಗೆ ಮಸುಕಾಗಿರಬೇಕು. ಹೊರದೇಶದವರು ಇದಕ್ಕೆ ವಿಶೇಷ ಅಂಟು ತರಿಸುತ್ತಾರಂತೆ. ಮಾಸ್ತರರು ಚಪಾತಿ ಹಿಟ್ಟನ್ನು ಬೆರಳಗಲ ಹೊಸೆದು ವಿಮಾನದ ಸುತ್ತ ಅಂಟಿಸಿದರು. ಉಪಾಯ ಫಲಿಸುತ್ತಿತ್ತು. ಹಿಟ್ಟಿಗೆ ಎಣ್ಣೆ ಸೋಕಿದೆಯೆಂದು ಹೇಳುವವರು ಹೇಳಲಿಲ್ಲ, ಎಣ್ಣೆ ಕಂಡಲ್ಲಿ ಬಣ್ಣ ನಿಲ್ಲಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ‘ನನ್ನ ಹಿಟ್ಟು ಎಲ್ಲಿ ಹೋಯ್ತು’ ಎಂಬ ವಿಚಾರಣೆ ನಡೆಯಿತು. ಬಾಂಬರ್ ಮಾತ್ರ ಎರಡು ಚಪಾತಿಯಷ್ಟು ಹಿಟ್ಟು ಸುತ್ತಿಕೊಂಡು ಕಪಾಟಿನ ಮೇಲೆ ಕೂತಿತ್ತು.

ಏರ್‌ಬ್ರಷ್ ತರಿಸಿದ ಮೇಲೆ ಕೆಲಸ ರಸ್ತೆಗೆ ಬಂತು, ಅಕ್ಷರಶಃ. ಅದಕ್ಕೆ ಗಾಳಿ ಬೇಕು, ಗಾಳಿಯಿರುವುದು ಪಂಕ್ಚರ್ ಅಂಗಡಿಯಲ್ಲಿ. ಟ್ರ್ಯಾಕ್ಟರ್ ಟೈರಿಗೆ ಸಲ್ಲುವ ಗಾಳಿಯನ್ನು ಹದಿನೈದು ಪೌಂಡಿಗೆ ಇಳಿಸಿ, ಸೂಜಿಮೊನೆಯ ತೂತಿನಿಂದ ಬಣ್ಣ ಊದುವುದನ್ನು ನೋಡಲು ಸ್ಕೂಟರಿನವರು, ಹಾಲಿನವರು, ಶಾಲೆ ಮಕ್ಕಳು ಕೂಡಿದರು. ಕಂಪ್ರೆಸರಿನ ತೊಟ್ಟಿಯಲ್ಲಿದ್ದ ನೀರೂ ಜೊತೆಗೆ ಹಾರಿ ರೆಕ್ಕೆಯ ಮೇಲೆ ಹನಿಹನಿಯಾಗಿ ಬಿತ್ತು. ‘ಯಾವ್ದಾರ ಒಂದು ಹಸರು ಹೊಡೀರಿ ಸರ್, ಮ್ಯಾಲಿಂದ ನೋಡೋರು ಯಾರದಾರ?’ ಎಂದ ಪಂಕ್ಚರಿನವನು.

ಅವನು ತಿಳಿದು ಹೇಳಿದನೋ ತಿಳಿಯದೆಯೋ, ಇತಿಹಾಸ ಅವನ ಕಡೆಗಿದೆ. 1965ರ ಸೆಪ್ಟೆಂಬರಿನಲ್ಲಿ ಪಠಾಣಕೋಟ್ ನೆಲೆಯ ಮೇಲೆ ದಾಳಿಯಾದಾಗ ನಮ್ಮ ಹಲವು ಯುದ್ಧವಿಮಾನಗಳು ಬೆಳ್ಳಿಯಂತೆ ಹೊಳೆಯುತ್ತ ನಿಂತಿದ್ದವು. ಆಮೇಲೆ ತರಾತುರಿಯಲ್ಲಿ, ಆಯಾ ನೆಲೆಯಲ್ಲಿ ಸಿಕ್ಕ ಹಸಿರು, ಸಿಕ್ಕ ಕಂದು ಬಳಿದರು. ಶೇಡ್ ಕಾರ್ಡ್ ಕೇಳಿದವರಿಲ್ಲ. ಮಾಸ್ತರರು ಇದನ್ನು ಬಲ್ಲರು, ಆದರೆ ಅವರ ವಾದ ಬೇರೆ: ‘ಅವ್ರಿಗೆ ಯುದ್ಧ ಇತ್ತು, ಅವಸರ ಮಾಡಿದ್ರು. ನನಗೇನು ಅವಸರ?’

ಹೊಡೆತ ಬಿದ್ದದ್ದು ಬೇರೆ ಕಡೆಯಿಂದ. ಪಂಕ್ಚರಿನವನ ಮಗ, ಕಾಲೇಜಿಗೆ ಹೋಗುವ ಹುಡುಗ, ಮೊಬೈಲಿನಲ್ಲಿ ಓದಿಕೊಂಡು ಬಂದ. 1944ರ ಆರಂಭದಲ್ಲೇ ಅಮೆರಿಕನ್ನರು ಬಾಂಬರುಗಳಿಗೆ ಬಣ್ಣ ಬಳಿಯುವುದನ್ನು ಬಿಟ್ಟಿದ್ದರು. ಬಣ್ಣವಿಲ್ಲದಿದ್ದರೆ ಭಾರ ಕಡಿಮೆ, ಕಾರ್ಖಾನೆಯಲ್ಲಿ ಸಮಯವೂ ಉಳಿತಾಯ. ‘ಸರ್, ಈ ಕಡೀ ಕಡೀ ವಿಮಾನಕ್ಕ ಬಣ್ಣಾನ ಇದ್ದಿದ್ದಿಲ್ಲಂತ್ರಿ!’ ಮಾಸ್ತರರು ಅವನನ್ನು ಅರ್ಧ ನಿಮಿಷ ನೋಡಿದರು. ಕಾನ್ಪುರದ ಫೋಟೋದಲ್ಲಿದ್ದ ಬೂದು ಬಣ್ಣ ಹಸಿರಲ್ಲದೆ ಬರೀ ಅಲ್ಯೂಮಿನಿಯಂ ಆಗಿದ್ದರೆ? ಆ ಯೋಚನೆ ಅವರಿಗೆ ಮೊದಲೇ ಬಂದಿರಬೇಕು ಎಂಬುದು ನನ್ನ ಗುಮಾನಿ. ಬೆಳ್ಳಿಬಣ್ಣ ಇನ್ನೂ ಕಷ್ಟ, ಒಂದು ಗೀರಿದ್ದರೂ ಎದ್ದು ಕಾಣುತ್ತದೆ ಎಂದು ಹೇಳಿ ಮಾತು ತಿರುಗಿಸಿದರು.

ಕೊನೆಗೂ ವಿಮಾನ ಮುಗಿಯಿತು. ರೇಡಿಯೋ ತಂತಿಗೆ ಮನೆಯಾಕೆಯ ತಲೆಗೂದಲು. ಮಾರ್ಕಿಂಗಿನಲ್ಲಿ ಕೆಂಪಿಲ್ಲ, ಜಪಾನಿನ ಕೆಂಪು ಸೂರ್ಯನೆಂದು ತಿಳಿದು ತಮ್ಮವರೇ ಗುಂಡು ಹೊಡೆಯಬಾರದೆಂದು ಬರ್ಮಾ ಕಡೆಯ ವಿಮಾನಗಳಿಗೆ ಬ್ರಿಟಿಷರು ಕೆಂಪು ತೆಗೆದಿದ್ದರು, ಅದನ್ನೂ ಪಾಲಿಸಿದ್ದಾರೆ. ಜಗುಲಿಯ ಕಪಾಟಿನ ಮೇಲೆ, ಮಾಸಿದ ಹಸಿರು ಗೋಡೆಗೆ ಒರಗಿಸಿ ಇಟ್ಟರು. ಬಂದ ನೆಂಟರಲ್ಲಿ ಒಬ್ಬರೂ ಅದನ್ನು ನೋಡಲಿಲ್ಲ. ಒಬ್ಬರು ಅದರ ಪಕ್ಕದಲ್ಲೇ ಚಾ ಲೋಟ ಇಟ್ಟರು. ಮಾಸ್ತರರು ಕೆಮ್ಮಿದರು, ಟಾರ್ಚ್ ಬಿಟ್ಟರು, ಯುದ್ಧದ ಮಾತೆತ್ತಿದರು. ಮರೆಮಾಚುವ ಬಣ್ಣ ಇಷ್ಟು ಚೆನ್ನಾಗಿ ಕೆಲಸ ಮಾಡಿದ್ದಕ್ಕೆ ಹಿಗ್ಗಬೇಕೋ ಕುಗ್ಗಬೇಕೋ ಅವರಿಗೇ ತೋಚಲಿಲ್ಲ. ಮನೆಯಾಕೆ ಮಾತ್ರ ದಿನಾ ಧೂಳು ಹೊಡೆಯುವಾಗ ಬಾಲದ ಹತ್ತಿರ ಪೊರಕೆ ನಿಧಾನ ಮಾಡುತ್ತಾರೆ, ತಮ್ಮದೇ ಕೂದಲಲ್ಲವೇ.

ಈಚೆಗೆ ಮಾಸ್ತರರು ಕಾರವಾರಕ್ಕೆ ಹೋಗಿದ್ದರು. ಠಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆಯ ಹತ್ತಿರ ನೌಕಾಪಡೆಯ ಟುಪೊಲೆವ್-142 ತಂದು ನಿಲ್ಲಿಸಿದ್ದಾರೆ. 2017ರಲ್ಲಿ ಸೇವೆಯಿಂದ ಇಳಿದದ್ದು, ರಷ್ಯದ ದೊಡ್ಡ ಬಾಂಬರಿನ ವಂಶದ್ದು, ರೆಕ್ಕೆ ಸುಮಾರು ಐವತ್ತು ಮೀಟರ್. ತಿರುಗಿ ಬಂದವರೇ ನೇರ ಪಂಕ್ಚರ್ ಅಂಗಡಿಗೆ ಬಂದರು.

‘ಮುಂದಿಂದು ಅದೇ. ಬರೀ ಬೂದು. ಹಸಿರಿಲ್ಲ, ತೇಪೆ ಇಲ್ಲ. ಎರಡು ದಿನದ ಕೆಲಸ.’

‘ಚೊಲೋ ಆತ್ ಬಿಡ್ರಿ ಸರ್.’

‘ಆದ್ರೆ ಕಡಲ ಬದಿ ಬಿಸಿಲು ಬೀಳೋ ಮಗ್ಗುಲಿನ ಬೂದು ಬೇರೆ, ರಸ್ತೆ ಮಗ್ಗುಲಿಂದು ಬೇರೆ. ಯಾವುದು ಹಿಡೀಬೇಕು ಹೇಳು?’

ಪಂಕ್ಚರಿನವನು ಟೈರಿನಿಂದ ತಲೆಯೆತ್ತಲಿಲ್ಲ. ‘ಮುಂಜಾನೆ ಆರಕ್ಕ ಬರ್ರಿ. ಆಮ್ಯಾಲೆ ಟ್ರ್ಯಾಕ್ಟರ್ ಬರ್ತಾವ.’