ಹನ್ನೆರಡು ಲಕ್ಷದ ಬಡವ

ಸಂಬಳ ಎಷ್ಟು ಎಂದು ಕೇಳುವವರಿಗೆ ನನ್ನ ಹತ್ತಿರ ಎರಡು ಉತ್ತರಗಳಿವೆ. ಬ್ಯಾಂಕಿನ ಸಾಲ ವಿಭಾಗದವರಿಗೆ, ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತ ಷಡ್ಡಕನಿಗೆ ವರ್ಷಕ್ಕೆ ಹನ್ನೆರಡು ಲಕ್ಷ. ಕೈಸಾಲ ಕೇಳಲು ಬಂದ ಭಾವಮೈದನಿಗೆ, ಗಣೇಶನ ಚಂದಾದವರಿಗೆ ತಿಂಗಳಿಗೆ ಎಪ್ಪತ್ತೊಂದು ಸಾವಿರ ಚಿಲ್ಲರೆ. ಎರಡೂ ನಿಜ. ಒಂದೇ ಬಾಯಲ್ಲಿ ಎರಡು ನಿಜ ಹೇಳುವ ವಿದ್ಯೆಯನ್ನು ನನಗೆ ಕಲಿಸಿದ್ದು ನಮ್ಮ ಕಂಪನಿಯ ಎಚ್‌ಆರ್ ವಿಭಾಗ.

ಹನ್ನೆರಡು ಲಕ್ಷ ಎನ್ನುವುದು ಸಿಟಿಸಿ. ಅಂದರೆ ನನ್ನನ್ನು ಸಾಕಲು ಕಂಪನಿಗೆ ಬೀಳುವ ಖರ್ಚು. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ ಲಕ್ಷ. ಅದರಲ್ಲಿ 12,500 ವೇರಿಯಬಲ್ ಪೇ; ಕಂಪನಿ ಚೆನ್ನಾಗಿ ನಡೆದು, ನಾನು ಚೆನ್ನಾಗಿ ದುಡಿದು, ಮೇಲಿನವರ ಮನಸ್ಸೂ ಚೆನ್ನಾಗಿದ್ದರೆ ವರ್ಷದ ಕೊನೆಗೆ ಬರುವ ದುಡ್ಡು. ಮೂರೂ ಒಂದೇ ವರ್ಷ ಕೂಡಿಬಂದದ್ದನ್ನು ನಾನಂತೂ ಕಂಡಿಲ್ಲ. ಬೇಸಿಕ್ ಮೊನ್ನೆ ಮೊನ್ನೆಯವರೆಗೆ ನಲವತ್ತು ಸಾವಿರ ಇತ್ತು. ಅದರ ಶೇ. 12ರಂತೆ 4,800 ರೂಪಾಯಿ ನನ್ನ ಪಾಲಿನ ಪಿಎಫ್. ಕಂಪನಿಯೂ ಅಷ್ಟೇ ಕಟ್ಟಬೇಕು, ಕಟ್ಟುತ್ತದೆ, ಆದರೆ ನನ್ನ ಲಕ್ಷದೊಳಗಿಂದಲೇ ಎತ್ತಿ ಕಟ್ಟುತ್ತದೆ. ಮಾವ ಉಂಗುರ ತೊಡಿಸಿ ಬಿಲ್ಲನ್ನು ಅಳಿಯನ ಕೈಗೇ ಕೊಟ್ಟ ಹಾಗೆ.

ಗ್ರ್ಯಾಚುಟಿ ಹೆಸರಿನಲ್ಲಿ ಇನ್ನೊಂದು 1,923. ಐದು ವರ್ಷ ದುಡಿದವನು ಕೆಲಸ ಬಿಡುವಾಗ ವರ್ಷಕ್ಕೆ ಹದಿನೈದು ದಿನದ ಕೂಲಿಯಂತೆ ಕೊಡಬೇಕೆಂದು 1972ರಲ್ಲಿ ಕಾನೂನು ಮಾಡಿದವರು, ಅದನ್ನು ಪ್ರತಿ ತಿಂಗಳ ಸಂಬಳದಲ್ಲಿ ತೋರಿಸಿ ಮೆರೆಯಬಹುದೆಂದು ಊಹಿಸಿರಲಿಕ್ಕಿಲ್ಲ. ನಾಲ್ಕನೇ ವರ್ಷಕ್ಕೇ ರಾಜೀನಾಮೆ ಕೊಟ್ಟು ಹೋದ ನಮ್ಮ ಹುಡುಗನೊಬ್ಬನ ಸಿಟಿಸಿಯಲ್ಲಿ ಅದು ನಾಲ್ಕು ವರ್ಷವೂ ಇತ್ತು. ಹೋಗುವಾಗ ಅವನಿಗೆ ಸಿಕ್ಕಿದ್ದು ಕೇಕು.

ಆರೋಗ್ಯ ವಿಮೆಗೆ ಸಾವಿರದೈನೂರು. ಕೊನೆಗೆ ವೃತ್ತಿ ತೆರಿಗೆ ಇನ್ನೂರು. ಫೆಬ್ರವರಿಯಲ್ಲಿ ಮಾತ್ರ ಮುನ್ನೂರು. ಇದ್ಯಾವ ಫೆಬ್ರವರಿ ಲೆಕ್ಕ ಎಂದು ಹುಡುಕಿದೆ. ಸಂವಿಧಾನದ 276ನೇ ವಿಧಿಯ ಪ್ರಕಾರ ವೃತ್ತಿ ತೆರಿಗೆ ವರ್ಷಕ್ಕೆ 2,500 ರೂಪಾಯಿ ಮೀರುವಂತಿಲ್ಲ. ಇನ್ನೂರರಂತೆ ಹನ್ನೆರಡು ತಿಂಗಳಿಗೆ 2,400. ಉಳಿದ ನೂರನ್ನು ನಮ್ಮ ಜೇಬಿನಲ್ಲೇ ಬಿಡಲು ಸರ್ಕಾರಕ್ಕೆ ಮನಸ್ಸು ಬರಲಿಲ್ಲ. ಕೀಳಲು ಅದಕ್ಕೆ ಸಿಕ್ಕಿದ್ದು ವರ್ಷದಲ್ಲೇ ಗಿಡ್ಡನೆಯ ತಿಂಗಳು.

ಆದರೂ ನಾನು ಬಡವ ಎಂದು ದೆಹಲಿ ಒಪ್ಪಿಕೊಂಡಿದೆ. 2025ರ ಬಜೆಟ್ಟಿನಲ್ಲಿ ನಿರ್ಮಲಾ ಸೀತಾರಾಮನ್ ಹೊಸ ಪದ್ಧತಿಯಲ್ಲಿ ಹನ್ನೆರಡು ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ ಎಂದಾಗ ನಮ್ಮ ಮನೆಯಲ್ಲಿ ಕೇಸರಿಬಾತ್ ಆಯಿತು. ಆ ಖುಷಿ ಕಂಪನಿಗೂ ಮುಟ್ಟಿತು: "ಹೇಗೂ ಟ್ಯಾಕ್ಸ್ ಉಳಿದಿದೆಯಲ್ಲ" ಎಂದು ಆ ವರ್ಷದ ಇನ್‌ಕ್ರಿಮೆಂಟನ್ನು ತಾನು ಉಳಿಸಿಕೊಂಡಿತು.

ಆಮೇಲೆ 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಭತ್ಯೆಗಳೆಲ್ಲ ಸೇರಿ ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ್ದನ್ನೂ ಮೂಲ ವೇತನದ ಲೆಕ್ಕಕ್ಕೇ ಸೇರಿಸಬೇಕು. ಬೇಸಿಕ್ಕನ್ನು ಕುಗ್ಗಿಸಿ ಪಿಎಫ್ ಉಳಿಸುವ ಹಳೆಯ ಚಾಲಾಕಿಗೆ ಹಾಕಿದ ಬೀಗ ಇದು. ಒಳ್ಳೆಯದೇ. ನಮ್ಮ ಎಚ್‌ಆರ್ ನನ್ನ ಬೇಸಿಕ್ಕನ್ನು ಐವತ್ತು ಸಾವಿರಕ್ಕೆ ಏರಿಸಿ, "ನಿಮ್ಮ ಸಿಟಿಸಿಯಲ್ಲಿ ಯಾವ ಬದಲಾವಣೆಯೂ ಇಲ್ಲ, ಗಾಬರಿ ಬೇಡ" ಎಂದು ಮೇಲ್ ಕಳಿಸಿತು. ಗಾಬರಿಯಾಗಬೇಕಾದದ್ದು ಅದಕ್ಕೇ. ನನ್ನ ಪಿಎಫ್ ಏರಿತು, ಕಂಪನಿಯದೂ ಏರಿತು, ಗ್ರ್ಯಾಚುಟಿಯೂ ಏರಿತು, ಮೂರೂ ಅದೇ ಲಕ್ಷದೊಳಗೇ ಏರಿದವು. ಕಾನೂನು ನನ್ನ ಪರ ನಿಂತ ತಿಂಗಳು ಕೈಗೆ ಬಂದದ್ದು 2,881 ರೂಪಾಯಿ ಕಡಿಮೆ. ಅರವತ್ತರ ಮೇಲೆ ಸುಖವಾಗಿರುತ್ತೀಯ ಎಂದರು. ಇರಬಹುದು. ಹಾಲಿನವನು ಅಲ್ಲಿಯತನಕ ಕಾಯುವ ಪೈಕಿ ಅಲ್ಲ.

ಇದನ್ನೆಲ್ಲ ಅಪ್ಪನಿಗೆ ವಿವರಿಸುವುದು ಕಷ್ಟ. ಅವರು ಎಚ್‌ಎಂಟಿಯಲ್ಲಿ ದುಡಿದವರು. 1980ರ ಡಿಸೆಂಬರ್ ಕೊನೆಗೆ ಶುರುವಾಗಿ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳು 77 ದಿನ ಬಂದ್ ಆಗಿದ್ದವಲ್ಲ, ಎಚ್‌ಎಎಲ್, ಬಿಇಎಲ್, ಐಟಿಐ, ಬಿಇಎಂಎಲ್ ಎಲ್ಲ ಸೇರಿ, ಆ ಮುಷ್ಕರದಲ್ಲಿ ಗೇಟಿನ ಮುಂದೆ ಕೂತಿದ್ದವರು.

"ಏನು ಸಿಕ್ತಪ್ಪ ಕೊನೆಗೆ?" ಎಂದು ಒಮ್ಮೆ ಕೇಳಿದೆ.

"ಏನೂ ಇಲ್ಲ ಕಣೋ. ಸೋತ್ವಿ. ಆದ್ರೆ ಯಾರ ಹತ್ರ ಜಗಳ ಆಡ್ತಿದೀವಿ ಅಂತ ಗೊತ್ತಿತ್ತು."

ನನಗೆ ಅದೂ ಗೊತ್ತಿಲ್ಲ. ಎಚ್‌ಆರ್ ಅನ್ನು ಕೇಳಿದರೆ ಪಾಲಿಸಿ ಎನ್ನುತ್ತದೆ. ಮ್ಯಾನೇಜರ್ ಬೆಲ್ ಕರ್ವ್ ಎನ್ನುತ್ತಾನೆ: ತಂಡದಲ್ಲಿ ಇಷ್ಟೇ ಜನ ಬುದ್ಧಿವಂತರಿರಬೇಕು, ಇಷ್ಟು ಜನ ದಡ್ಡರಿರಲೇಬೇಕು ಎಂದು ಮೊದಲೇ ಬರೆದಿಟ್ಟ ಹಣೆಬರಹ ಅದು. ಅಪ್ರೈಸಲ್ಲಿನಲ್ಲಿ ಮೊದಲು ನಮಗೆ ನಾವೇ ಅಂಕ ಹಾಕಿಕೊಳ್ಳಬೇಕು. ನಾನು ನಾಲ್ಕು ಹಾಕಿಕೊಂಡೆ. "ನಿಮ್ಮ ಕೆಲಸ ಅದ್ಭುತ, ನೀವಿಲ್ಲದಿದ್ದರೆ ಆಫೀಸೇ ಇಲ್ಲ" ಎಂದು ಮ್ಯಾನೇಜರ್ ಮುಕ್ಕಾಲು ಗಂಟೆ ಹೊಗಳಿದ. ನನಗೆ ಆಗಲೇ ಸಂಶಯ ಬರಬೇಕಿತ್ತು. ಮೂರು ಹಾಕಿದ. ಬೈಯೋಣವೆಂದು ಬಾಯಿ ತೆರೆಯುವಷ್ಟರಲ್ಲಿ ತನಗೆ ಎರಡೂವರೆ ಬಿದ್ದ ಕಥೆ ತೆಗೆದ. ಕಾಫಿ ನಾನೇ ಕೊಡಿಸಬೇಕಾಯಿತು.

ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆಗೆ ಈ ತಾಪತ್ರಯಗಳಿಲ್ಲ. ಹೋದ ಯುಗಾದಿಗೆ ಹೆಂಡತಿಯನ್ನು ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡು, "ಅಕ್ಕಾ, ಬರೋ ತಿಂಗಳಿಂದ ಐನೂರು ಜಾಸ್ತಿ" ಎಂದಳು. ಹೆಂಡತಿ ನನ್ನ ಮುಖ ನೋಡಿದಳು, ನಾನು ಸಿಂಕಿನಲ್ಲಿದ್ದ ಪಾತ್ರೆಗಳ ರಾಶಿ ನೋಡಿದೆ. ಎರಡು ನಿಮಿಷದಲ್ಲಿ ತೀರ್ಮಾನ. ಬೆಲ್ ಕರ್ವ್ ತೆಗೆಯುವ ಧೈರ್ಯ ನಮಗಿಬ್ಬರಿಗೂ ಬರಲಿಲ್ಲ.

ಈಕೆ ಮೊದಲು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿದ್ದವಳು. ಕಂಪನಿಯ ಪಾಲಿನ ಪಿಎಫ್ ದುಡ್ಡನ್ನು 58 ವರ್ಷ ಆಗುವ ತನಕ ಮುಟ್ಟುವಂತಿಲ್ಲ ಎಂದು 2016ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಆ ಏಪ್ರಿಲ್‌ನಲ್ಲಿ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ಹೊಸೂರು ರಸ್ತೆಗೆ ಇಳಿದುಬಿಟ್ಟರು. ಕರೆದು ತಂದ ದೊಡ್ಡ ನಾಯಕರಿಲ್ಲ, ಬ್ಯಾನರ್ ಇಲ್ಲ. ಏಪ್ರಿಲ್ 18ಕ್ಕೆ ಜೋರಾದ ಗಲಾಟೆಗೆ 19ಕ್ಕೆ ಕೇಂದ್ರ ಸರ್ಕಾರ ನಿಯಮವನ್ನೇ ವಾಪಸ್ ತೆಗೆದುಕೊಂಡಿತು. ಆ ದಿನ ನಾನು ಅದೇ ರಸ್ತೆಯಲ್ಲಿ ಆಫೀಸಿನ ಕ್ಯಾಬಿನೊಳಗೆ ಎಸಿ ಹಾಕಿಸಿಕೊಂಡು, ಈ ಊರಿನ ಟ್ರಾಫಿಕ್ಕಿಗೆ ಶಾಪ ಹಾಕುತ್ತಿದ್ದೆ. ಆ ಹೆಂಗಸರು ಉಳಿಸಿದ್ದರಲ್ಲಿ ನನ್ನ ಪಿಎಫ್ಫೂ ಇತ್ತು.

"ನೀವೂ ಬರಬೇಕಿತ್ತು ಸಾರ್" ಎಂದಳು, ಕುಕ್ಕರ್ ತಿಕ್ಕುತ್ತ.

ನಮ್ಮಂಥವರಿಗೂ ಸಂಘವಿಲ್ಲದಿಲ್ಲ. ಐಟಿಯವರ ದಿನವನ್ನು ಹದಿನಾಲ್ಕು ಗಂಟೆಗೆ ಎಳೆಯುವ ಪ್ರಸ್ತಾವ 2024ರಲ್ಲಿ ಕರ್ನಾಟಕ ಸರ್ಕಾರದ ಮುಂದೆ ಬಂದಾಗ ಬೀದಿಗಿಳಿದು ವಿರೋಧಿಸಿದ್ದು ಐಟಿ ನೌಕರರ ಸಂಘವೇ. ಎಲ್ಲರೂ ಸದಸ್ಯರಾಗೋಣ ಎಂದು ನಮ್ಮ ತಂಡದ ವಾಟ್ಸಾಪ್ ಗುಂಪಿನಲ್ಲಿ ಬರೆದೆ. ಮ್ಯಾನೇಜರ್ ಇಲ್ಲದ ಗುಂಪು; ನಾವು ಗಂಡಸುತನ ತೋರಿಸುವುದು ಅಲ್ಲೇ. ಸಾಲಾಗಿ ಹೆಬ್ಬೆರಳುಗಳು ಬಂದವು, ಮುಷ್ಟಿಗಳು ಬಂದವು, ಒಬ್ಬ ಬೆಂಕಿಯನ್ನೂ ಹಾಕಿದ.

ಇದುವರೆಗೆ ಯಾರೂ ಸೇರಿಲ್ಲ. ಅಪ್ರೈಸಲ್ ಮುಗಿಯಲಿ ಎನ್ನುತ್ತಿದ್ದಾರೆ.