ಕೋಡುಬಳೆ ಡಬ್ಬಿಯ ಎರಡು ಬೀಗದಕೈ

ಮೊಮ್ಮಕ್ಕಳ ಹಾವಳಿಗೆ ಹೆದರಿ ನಮ್ಮ ಮನೆಯ ಕೋಡುಬಳೆ ಡಬ್ಬಿಗೆ ಬೀಗ ಹಾಕಿದ್ದೇವೆ. ಬೀಗದಕೈ ಎರಡು. ಒಂದು ನನ್ನವಳ ಸೆರಗಿನಲ್ಲಿ, ಇನ್ನೊಂದು ನನ್ನ ಜನಿವಾರದಲ್ಲಿ.

ಹೋದ ತಿಂಗಳು ಒಂದು ಕಚೇರಿಯ ಜಾಲತಾಣದಲ್ಲಿ ಅರ್ಜಿ ತುಂಬಲು ಕೂತೆ. ಮೇಲೆ ಪುಟ್ಟ ಬೀಗದ ಚಿತ್ರ, ಕೆಳಗೆ ‘ಕೊನೆಯ ದಿನ 30’. ಬೀಗ ಕಂಡರೆ ನಂಬುವ ಜಾತಿ ನಮ್ಮದು. ನಿಧಾನವಾಗಿ 28ಕ್ಕೆ ಕಳಿಸಿದೆ. ‘20ಕ್ಕೇ ಮುಗಿದಿತ್ತಲ್ಲ ಸಾರ್’ ಎಂದರು. ಸ್ಕ್ರೀನ್‌ಶಾಟ್ ತೋರಿಸಿದೆ. ಗುಮಾಸ್ತರು ನಕ್ಕರು: “ನಮ್ಮ ಹುಡುಗ ಇಂಥದ್ದರಲ್ಲೇ ನನ್ನನ್ನು ಮುಖ್ಯಮಂತ್ರಿ ಮಾಡಿಟ್ಟಿದ್ದಾನೆ.”

ಕಂಪ್ಯೂಟರ್ ಕೆಲಸದಲ್ಲಿರುವ ಅಕ್ಕನ ಮಗನಿಗೆ ಫೋನು ಹಚ್ಚಿದೆ. “ಬೀಗ ಇತ್ತಲ್ಲೋ!”

“ಬೀಗ ಇರೋದು ದಾರೀಲಿ ಯಾರೂ ಕದ್ದು ಓದಬಾರದು, ತಿದ್ದಬಾರದು ಅಂತ, ಮಾವ. ಶುರುವಿನಲ್ಲಿ ಸರ್ವರ್ ತನ್ನ ಖಾಸಗಿ ಕೀಲಿಯಿಂದ ಒಂದು ಸಹಿ ಹಾಕಿ ‘ನಾನೇ’ ಅನ್ನುತ್ತೆ. ಆಮೇಲೆ ನೀವಿಬ್ಬರೂ ಸೇರಿ ಒಂದು ಗುಟ್ಟಿನ ಕೀಲಿ ಮಾಡ್ಕೋತೀರಿ. ಮುಂದಿನ ಮಾತಿಗೆಲ್ಲ ಅದರದೇ ಮುದ್ರೆ. ಅದು ನಿಮ್ಮ ಹತ್ತಿರವೂ ಇರೋದರಿಂದ, ಆ 30 ನೀವೇ ಬರೆದು ಮುದ್ರೆ ಒತ್ತಿರಬಹುದು.”

ಬೀದಿಯಲ್ಲಿ ಹತ್ತು ಜನ ಕಿವಿಗೊಟ್ಟಿದ್ದರೂ ಇಬ್ಬರು ಅಪರಿಚಿತರು ಗುಟ್ಟಿನ ಕೀಲಿ ಹೊಂದಿಸಿಕೊಳ್ಳುವ ಈ ಉಪಾಯವನ್ನು 1976ರಲ್ಲಿ ಡಿಫಿ, ಹೆಲ್ಮನ್ ಎಂಬಿಬ್ಬರು ಪ್ರಕಟಿಸಿದರಂತೆ. ಜಾಣರು. ಆದರೆ ಕೋಡುಬಳೆಯ ತಾಪತ್ರಯ ಅವರ ಮನೆಯಲ್ಲಿ ಇರಲಿಲ್ಲವೆಂದು ತೋರುತ್ತದೆ. ನಾಲ್ಕು ಕಡಿಮೆಯಾದರೆ, ತಿನ್ನದವರಿಗೆ ತಿಂದವರು ಯಾರೆಂದು ಖಂಡಿತ ಗೊತ್ತು. ಮೂರನೆಯವರ ಮುಂದೆ ಸಾಬೀತು ಮಾಡಿ ನೋಡೋಣ!

ಕ್ರೋಮಿನವರು 2023ರಲ್ಲಿ ಆ ಬೀಗದ ಚಿತ್ರವನ್ನೇ ತೆಗೆದರು. ಜನ ಅದನ್ನು ಸತ್ಯಸಂಧತೆಯ ಲಾಂಛನವೆಂದು ತಿಳಿದಿದ್ದರಂತೆ. ನನ್ನ ಹಳೇ ಲ್ಯಾಪ್‌ಟಾಪಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

“ಹಾಗಾದರೆ ಪರಿಹಾರ?”

“ಪತ್ರಕ್ಕೇ ಡಿಜಿಟಲ್ ಸಹಿ ಇರಬೇಕು. ಆ ಕೀಲಿ ಒಬ್ಬರ ಹತ್ತಿರ ಮಾತ್ರ ಇರುತ್ತೆ. ಸರಿಯಿದೆಯಾ ಅಂತ ಯಾರು ಬೇಕಾದರೂ ನೋಡಬಹುದು, ಹಾಕೋದು ಅವರೊಬ್ಬರೇ.” ನಮ್ಮ ಕಾನೂನೂ 2000ದಲ್ಲೇ ಅದಕ್ಕೆ ಮಾನ್ಯತೆ ಕೊಟ್ಟಿದೆ.

ಒಬ್ಬರ ಹತ್ತಿರ ಮಾತ್ರ! ಪರಿಚಯದ ಆಡಿಟರೊಬ್ಬರ ಮೇಜಿನ ಮೇಲೆ ಕಂಡಿದ್ದೇನೆ: ಕಕ್ಷಿದಾರರ ಸಹಿಗಳೆಲ್ಲ ಪೆನ್‌ಡ್ರೈವಿನಂಥ ಟೋಕನ್‌ಗಳಾಗಿ ಒಂದೇ ಸ್ವೀಟ್ ಬಾಕ್ಸಿನಲ್ಲಿ ಮಲಗಿದ್ದವು. ಒಂದೊಂದರ ಸೊಂಟಕ್ಕೂ ರಬ್ಬರ್ ಬ್ಯಾಂಡು, ಅದರಡಿ ಪಾಸ್‌ವರ್ಡಿನ ಚೀಟಿ.

ಶನಿವಾರ ಮಗಳು ಬಂದು ಡಬ್ಬಿ ತೆಗೆದಳು. ನಾಲ್ಕು ಕಡಿಮೆ. ಬೀಗದಕೈ ಇಬ್ಬರ ಹತ್ತಿರವೂ ಇದೆ, ಆದ್ದರಿಂದ ಏನನ್ನೂ ಸಾಬೀತುಪಡಿಸಲಾಗದು ಎಂದು ನಾನು ಗಂಭೀರವಾಗಿ ವಿವರಿಸತೊಡಗಿದೆ. ಅವಳು ಸೆರಗನ್ನೂ ನೋಡಲಿಲ್ಲ, ಜನಿವಾರವನ್ನೂ ನೋಡಲಿಲ್ಲ.

“ಅಪ್ಪಾ, ಮೊದಲು ಮೀಸೆ ಒರೆಸಿಕೋ” ಅಂದಳು.