ಒಂದು ತಟ್ಟೆ, ನೂರೈವತ್ತು ಹಾಡು

ಮಾಮೂಲಿ ಆಡಿಯೊ ಸಿ.ಡಿ.ಯಲ್ಲಿ ಹಿಡಿಸುವುದು ಹೆಚ್ಚೆಂದರೆ 80 ನಿಮಿಷದ ಸಂಗೀತ. ಅದೇ 700 ಎಂ.ಬಿ. ತಟ್ಟೆಗೆ 128 ಕಿಲೋಬಿಟ್ ದರದ ಎಂಪಿ3 ತುಂಬಿದರೆ ಹನ್ನೆರಡು ಗಂಟೆಗೂ ಮಿಕ್ಕಿ ಹಾಡಬಹುದು. ಚೆನ್ನೈನ ಕೋಯಂಬೇಡು ಸಗಟು ಮಾರುಕಟ್ಟೆಯಲ್ಲಿ ಎಲೆಕೋಸಿನ ಹೊರ ಎಲೆ ಕಿತ್ತೆಸೆಯುವಂತೆ, ಕಿವಿಗೆ ನಿಲುಕದ ಸೂಕ್ಷ್ಮಗಳನ್ನು ಎಂಪಿ3 ಕಿತ್ತುಹಾಕುತ್ತದೆ. ಉಳಿದ ಗಡ್ಡೆಗೆ ಗಿರಾಕಿಗಳ ತಕರಾರಿಲ್ಲ.

ಕೋಯಂಬೇಡಿನ ದೊಡ್ಡ ಬಸ್ ನಿಲ್ದಾಣ ತೆರೆದದ್ದು 2002ರಲ್ಲಿ. ಎಂಪಿ3 ಓದಬಲ್ಲ ಡಿ.ವಿ.ಡಿ. ಪ್ಲೇಯರುಗಳು ಮನೆಮನೆ ಹೊಕ್ಕದ್ದೂ ಹೆಚ್ಚುಕಡಿಮೆ ಆ ಕಾಲದಲ್ಲೇ. ಬೆಂಗಳೂರಿನಿಂದ ಬಂದು ಬಸ್ಸಿಳಿಯುವ ನೆಂಟರ ಚೀಲದಲ್ಲಿ ಕೋಡುಬಳೆಯ ಜೊತೆಗೆ ಭಾವಗೀತೆಯ ತಟ್ಟೆಯೊಂದು ಇದ್ದರೆ ಸೋಜಿಗವೇನಿಲ್ಲ. ತಾಪತ್ರಯ ಶುರುವಾಗುವುದು ಅದನ್ನು ಪೆಟ್ಟಿಗೆಗೆ ಹಾಕಿದ ಮೇಲೆ.

ಕನ್ನಡದಲ್ಲಿ ಬರೆದ ಕಡತದ ಹೆಸರು ಟಿ.ವಿ. ಪರದೆಯ ಮೇಲೆ ಬರೀ ಚೌಕಗಳಾಗಿ ನಿಲ್ಲುತ್ತದೆ. ಅನೇಕ ಪ್ಲೇಯರುಗಳು ಹೆಸರಿನ ಅಕ್ಷರಕ್ರಮ ಹಿಡಿಯುವುದರಿಂದ 1 ಆದ ಮೇಲೆ 10 ಬರುತ್ತದೆ, 2 ಬಾಗಿಲಲ್ಲೇ ಕಾಯುತ್ತದೆ. ಹೀಗಾಗಿ ಸುಪ್ರಭಾತ ಮುಗಿದೊಡನೆ ಕ್ಯಾಬರೆ ಹಾಡು ಮೊಳಗಿ, ದೇವರ ಮುಂದೆ ಕುಳಿತ ಅಜ್ಜಿ ಕಣ್ಣು ಬಿಡಬೇಕಾಗುತ್ತದೆ. 01, 02 ಎಂದು ಬರೆದರೆ ಈ ಅನಾಹುತ ತಪ್ಪುತ್ತದೆ.

ಬೇರೆ ನಮೂನೆಯ ಕಡತಕ್ಕೆ ಎಂಪಿ3 ಎಂದು ಮರುನಾಮಕರಣ ಮಾಡುವುದು ಮಾತ್ರ ವ್ಯರ್ಥ. ಹೆಸರು ಬದಲಾದರೂ ಒಳಗಿನ ಜಾತಕ ಬದಲಾಗದು. ಬರೆದ ಮೇಲೆ ತಟ್ಟೆಯನ್ನು 'ಫೈನಲೈಸ್' ಮಾಡದಿದ್ದರೆ, ಅಂದರೆ ಬರಹ ಮುಗಿಯಿತೆಂದು ಮುಚ್ಚದಿದ್ದರೆ, ಹಲವು ಪ್ಲೇಯರುಗಳು ಅದನ್ನು ಖಾಲಿಯೆಂದೇ ಬಗೆಯುತ್ತವೆ. ಇನ್ನು ತಟ್ಟೆಯ ಮೇಲೆ ಬಾಲ್‌ಪೆನ್ನಿನಿಂದ ಹೆಸರು ಕೊರೆಯಬೇಡಿ, ಸಿ.ಡಿ.ಯ ಹಾಡಿರುವುದು ಹೆಸರು ಬರೆಯುವ ಮೈಯ ಕೆಳಗೇ.